ಎಲ್ಲರ ಪೀರಿಯಡ್ಡಿನಲ್ಲೂ ಕನ್ನಡ ಮಾಸ್ತರು

ಅವರ ಅಕ್ಷರ ಬಹಳ ಕೆಟ್ಟದಾಗಿತ್ತು. ಕನ್ನಡ ಮಾಸ್ತರರೊಬ್ಬರ ಬಗ್ಗೆ ಬರೆಯುವಾಗ ಇದನ್ನು ಮೊದಲಿಗೇ ಹೇಳಬಾರದು ಎಂದು ನನಗೂ ಗೊತ್ತು. ಆದರೆ ಅಷ್ಟು ವರ್ಷ ಕರಿಹಲಗೆಯ ಮೇಲೆ ಬರೆದ ಮನುಷ್ಯನ ಅಕ್ಷರ ಹಾಗಿದ್ದರೆ ಹೇಳದೆ ಬಿಡುವುದು ಹೇಗೆ? ಅವರ ರಜೆ ಅರ್ಜಿ ಓದಲಾಗದೆ ನಮ್ಮ ಗುಮಾಸ್ತರು ಅವರನ್ನೇ ಕರೆಸುತ್ತಿದ್ದರು. ಅವರು ಬಂದು, ಕನ್ನಡಕ ಹಣೆಗೇರಿಸಿ, ತಾವೂ ಒಂದು ನಿಮಿಷ ತಿಣುಕಿ, “ಜ್ವರ ಅಂತ ಬರದೀನಿ ಕಾಣ್ತದ. ಹಾಂ, ಜ್ವರಾನೇ” ಎಂದು ಹೇಳಿ ಹೋಗುತ್ತಿದ್ದರು.

ಹೋದ ತಿಂಗಳ ಕೊನೆಗೆ ಅವರು ನಿವೃತ್ತರಾದರು. ನಾನೀಗ ಚಿತ್ತಾಪುರದ ಕಡೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಅವರ ಜೊತೆ ಕೆಲಸ ಮಾಡಿದ್ದು ಶಹಾಬಾದಿನ ಹತ್ತಿರದ ಹೈಸ್ಕೂಲಿನಲ್ಲಿ, ನಾಲ್ಕು ವರ್ಷ. ಆ ಶಾಲೆಯಿಂದ ಫೋನು ಬಂತು. ಸರ್ ಬಗ್ಗೆ ಒಂದು ಪುಟ ಬರೆದು ಕಳಿಸಿ, ಬೀಳ್ಕೊಡುಗೆಯ ದಿನ ಓದುತ್ತೇವೆ ಎಂದರು. ಬರೆಯಲು ಕೂತೆ. ಸರಳತೆ, ಶಿಸ್ತು, ಸಮಯಪಾಲನೆ ಎಂದು ಶುರು ಮಾಡಿ ನನಗೇ ನಗು ಬಂತು. ಸರ್ ಒಂದು ದಿನವೂ ಹೊತ್ತಿಗೆ ಸರಿಯಾಗಿ ತಮ್ಮ ತರಗತಿಗೆ ಹೋದವರಲ್ಲ. ಬೇರೆಯವರ ತರಗತಿಗೆ ಮಾತ್ರ ಗಂಟೆ ಹೊಡೆಯುವ ಮೊದಲೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದರು. ಒಂದು ಪುಟದಲ್ಲಿ ಮುಗಿಯುವ ಮನುಷ್ಯ ಅಲ್ಲ ಎಂದು ತಿಳಿದು, ಆ ಪುಟವನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಬರೆಯುವ ಮೊದಲು ಫೋನು ಮಾಡಿ ಒಪ್ಪಿಗೆ ಕೇಳಿದೆ. “ಬರೀರಿ, ಹೆಸರು ಒಂದು ಹಾಕಬ್ಯಾಡ್ರಿ. ಹೆಸರು ಹಾಕಿದ್ರ ಮಂದಿ ಹೆಸರಷ್ಟೇ ಓದಿ ಬಿಡ್ತಾರ” ಎಂದರು. ಹಾಗಾಗಿ ಅವರು ಇಲ್ಲಿ ಬರೀ ಸರ್.

ಸರ್ ಸೇಡಂ ತಾಲೂಕಿನ ಕುರಕುಂಟಾ ಕಡೆಯ ಒಕ್ಕಲುತನದ ಮನೆಯವರು. ತಾಯಿ ತೆಲುಗಿನವರು. ಮನೆಯಲ್ಲಿ ಅರ್ಧ ತೆಲುಗು, ಓಣಿಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಪುಸ್ತಕದ ಕನ್ನಡ. ಐದನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮಾಸ್ತರು ಬೀಜ ಹೇಗೆ ಮೊಳೆಯುತ್ತದೆ ಎಂದು ಕೇಳಿದರಂತೆ. ದಿನಾ ಹೊಲದಲ್ಲಿರುವ ಹುಡುಗನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ಎದ್ದು ನಿಂತರು, ಬಾಯಿಗೆ ಮೂರು ಭಾಷೆ ಒಟ್ಟಿಗೆ ಬಂದವು, ಮಾಸ್ತರು “ಕುಂದ್ರು” ಎಂದರು. ಇದನ್ನು ನನಗೆ ಹೇಳುವಾಗಲೂ ಅವರ ಮುಖ ಸಣ್ಣದಾಗಿತ್ತು. “ಉತ್ತರ ನನ್ನ ಕಡಿ ಇತ್ರಿ ಟೀಚರ್. ಮಾತು ಇರಲಿಲ್ಲ. ಆ ದಿನ ಕುಂತಾಂವ ಎಂಟನೇ ಕ್ಲಾಸಿನ ತನಕ ಮತ್ತ ಎದ್ದು ನಿಂದರಲಿಲ್ಲ.”

ಅವರ ಎಲ್ಲ ಹಟದ ಬೇರು ಅಲ್ಲಿತ್ತು ಎಂದು ನನಗೆ ಅನ್ನಿಸುತ್ತದೆ. ಮಾತು ಕಲಿಸುವುದು ಕನ್ನಡದ ಪೀರಿಯಡ್ಡಿಗೆ ಸೇರಿದ ಕೆಲಸ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. “ವಾರದಾಗ ಆರು ತಾಸು ನನ್ನ ಕಡಿ ಇರ್ತಾರ. ಉಳದದ್ದೆಲ್ಲಾ ನಿಮ್ಮ ಕಡಿ. ನಿಮ್ಮ ಪೀರಿಯಡ್ಡಿನ್ಯಾಗ ಮೂಕಾಗಿ ಕುಂತ ಹುಡುಗ ನನ್ನ ಪೀರಿಯಡ್ಡಿನ್ಯಾಗ ಹ್ಯಾಂಗ ಬಾಯಿ ತೆಗೀತಾನ?” ಎಂದು ಸ್ಟಾಫ್ ರೂಮಿನಲ್ಲಿ ಚಹಾ ಬಸಿಗೆ ಸುರಿದುಕೊಳ್ಳುತ್ತ ಕೇಳುತ್ತಿದ್ದರು. ಬಸಿಯಲ್ಲಿ ಅರ್ಧ, ಮೇಜಿನ ಮೇಲೆ ಅರ್ಧ. ಅವರು ಕೂತೆದ್ದ ಜಾಗ ಒರೆಸದೆ ನಾವು ಯಾರೂ ಉತ್ತರಪತ್ರಿಕೆ ಇಡುತ್ತಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಕೂತು ಅವರು ಮಾಡುತ್ತಿದ್ದುದು ಒಂದೇ. ಪಾಠ ನಡೆಯುವಾಗ ಕೈ ಎತ್ತಿ, “ನನಗ ತಿಳೀವಲ್ದು, ಯಾರರೆ ಹೇಳ್ರಿ” ಎನ್ನುವುದು. ಮೊದಮೊದಲು ನಾಟಕ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಪಾಪ, ಖರೆ ಖರೆ ತಿಳಿಯುತ್ತಿರಲಿಲ್ಲ. ಶೇಕಡಾ ಲೆಕ್ಕ ಅವರ ತಲೆಗೆ ಕೊನೆಯವರೆಗೂ ಹತ್ತಲಿಲ್ಲ. ಮಕ್ಕಳು ತಿರುಗಿ ಕೂತು ಅವರಿಗೆ ಹೇಳುತ್ತಿದ್ದರು, ಅವರು “ಊಹೂಂ” ಎನ್ನುತ್ತಿದ್ದರು, ಮತ್ತೊಬ್ಬರು ಬೇರೆ ರೀತಿ ಹೇಳುತ್ತಿದ್ದರು. ಅವರಿಗೆ ತಿಳಿಯುವ ಹೊತ್ತಿಗೆ ಇಡೀ ತರಗತಿಗೆ ತಿಳಿದಿರುತ್ತಿತ್ತು.

ವಿಜ್ಞಾನದ ಮೇಡಂ ಇದಕ್ಕೆ ಬೇಗ ಒಲಿದರು. ಅವರ ತರಗತಿಗೆ ಸರ್ ಒಂದು ಪರೀಕ್ಷೆ ಇಟ್ಟರು. ಪಾಠ ಮುಗಿದ ಮೇಲೆ ಒಬ್ಬರು ಅಡುಗೆ ಕೋಣೆಗೆ ಹೋಗಿ, ಬಿಸಿಯೂಟ ಮಾಡುವ ಕಾಶಮ್ಮನಿಗೆ ಆ ದಿನದ ಪಾಠ ತಿಳಿಸಿ ಬರಬೇಕು. ಕಾಶಮ್ಮ ಶಾಲೆಯ ಮುಖ ಕಂಡವಳಲ್ಲ, ದಾಕ್ಷಿಣ್ಯವೂ ಇಲ್ಲದವಳು. ಮೊದಲ ಹುಡುಗಿ ಹೋಗಿ, ದ್ರವವು ಕುದಿಯುವ ಬಿಂದುವಿಗಿಂತ ಕಡಿಮೆ ಉಷ್ಣತೆಯಲ್ಲಿ ಅನಿಲ ಸ್ಥಿತಿಗೆ ಬದಲಾಗುವುದು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. “ಹಂಗಂದ್ರ?” ಎಂದಳು ಕಾಶಮ್ಮ. ಹುಡುಗಿ ಮತ್ತೆ ಅದನ್ನೇ ಒಪ್ಪಿಸಿದಳು. “ನನಗ ಕೆಲಸ ಅದ, ಹೋಗವಾ.”

ಮೂರನೆಯ ಸಲ ಆ ಹುಡುಗಿ ಪುಸ್ತಕ ತರಗತಿಯಲ್ಲೇ ಬಿಟ್ಟು ಹೋದಳು. “ಆಯಿ, ಈಗ ನೀ ನೆಲ ಒರಸಿದಿ. ಆ ಹಸಿ ಎಲ್ಲಿ ಹೋತು? ಬೆಂಕಿ ಹಚ್ಚಿಲ್ಲ, ನೀರು ಕುದ್ದಿಲ್ಲ. ಹಂಗೇ ಗಾಳ್ಯಾಗ ಹೋತು. ಅದಕ ಬಾಷ್ಪೀಭವನ ಅಂತಾರ.”

“ಹಂಗನ್ನು ಮತ್ತ! ಹಂಗಿದ್ರ ಮಳಿಗಾಲದಾಗ ಯಾಕ ಜಲ್ದಿ ಆರಂಗಿಲ್ಲ? ಹೋಗಿ ನಿಮ್ಮ ಮೇಡಮ್ಮಗ ಕೇಳಿ ಬಾ.”

ಕಾಶಮ್ಮನ ಪ್ರಶ್ನೆ ಹೊತ್ತುಕೊಂಡು ಹುಡುಗಿ ವಾಪಸು ಬಂದಾಗ ವಿಜ್ಞಾನದ ಮೇಡಂ ಖುಷಿಯಲ್ಲಿ ಚಪ್ಪಾಳೆ ತಟ್ಟಿದರು. ಮರುದಿನದ ಪಾಠ ಅದೇ ಆಯಿತು. ಕಾಶಮ್ಮನೂ ಆಮೇಲೆ ಆಮೇಲೆ ಬೇಳೆ ಆರಿಸುತ್ತ ಯಾವ ಹುಡುಗಿ ಬರುತ್ತಾಳೋ ಎಂದು ದಾರಿ ನೋಡತೊಡಗಿದಳು.

ಸಮಾಜ ವಿಜ್ಞಾನದಲ್ಲಿ ಅವರ ಆಟ ಬೇರೆ. ನಕಾಶೆಯ ಮುಂದೆ ಒಬ್ಬರನ್ನು ನಿಲ್ಲಿಸಿ, ಕೈ ಕಟ್ಟಿಸಿ, ವಾಡಿ ಜಂಕ್ಷನ್ನಿನಿಂದ ಚಿಂಚೋಳಿಗೆ ಹೋಗುವ ದಾರಿ ಹೇಳಿಸುವುದು. ಬೆರಳು ತೋರಿಸುವಂತಿಲ್ಲ, ಇಲ್ಲಿ ಅಲ್ಲಿ ಹೀಗೆ ಹಾಗೆ ಎನ್ನುವಂತಿಲ್ಲ. ನೀವು ಒಮ್ಮೆ ಮಾಡಿ ನೋಡಿ, ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ಕೈ ಬೀಸಿಯೇ ಮಾತಾಡುವ ಊರು ನಮ್ಮದು.

ಇದರಿಂದ ಒಮ್ಮೆ ಶಾಲೆಯ ಮಾನ ಉಳಿಯಿತು. ತಪಾಸಣೆಗೆ ಬರುತ್ತಿದ್ದ ಅಧಿಕಾರಿಯೊಬ್ಬರು ಕಲ್ಲು ಪಾಲಿಶ್ ಮಾಡುವ ಮಷಿನ್ನುಗಳ ಸಾಲಿನಲ್ಲಿ ದಾರಿ ತಪ್ಪಿ ಫೋನು ಮಾಡಿದರು. ಎಲ್ಲಿ ನೋಡಿದರೂ ಒಂದೇ ಬಗೆಯ ಕಲ್ಲಿನ ರಾಶಿ, ಹೊಸಬರಿಗೆ ಗುರುತು ಸಿಗುವುದಿಲ್ಲ. ನಮ್ಮ ಹೆಡ್ ಮಾಸ್ತರು ಫೋನು ಹಿಡಿದು, “ಹಿಂಗ ಬರ್ರಿ ಸರ್, ಹಿಂಗ ಬಂದು ಹಿಂಗ ಹೊಳ್ಳರಿ” ಎಂದು ಖಾಲಿ ಗಾಳಿಗೆ ಕೈ ಬೀಸತೊಡಗಿದರು. ಸರ್ ಮೆಲ್ಲಗೆ ಫೋನು ಇಸಿದುಕೊಂಡು ಎಂಟನೇ ತರಗತಿಯ ಪರ್ವೀನಳ ಕೈಗೆ ಕೊಟ್ಟರು. ಪರ್ವೀನ್ ಕಲ್ಲು ಹಾಸುವ ಕೆಲಸದವರ ಮಗಳು, ಮನೆಮಾತು ದಖನಿ, ಹೈಸ್ಕೂಲಿಗೆ ಬರುವಾಗ ಕನ್ನಡದಲ್ಲಿ ಹೆಸರು ಹೇಳಲೂ ನಾಚುತ್ತಿದ್ದಳಂತೆ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಅಭ್ಯಾಸದಂತೆ ಕೈ ಕಟ್ಟಿಕೊಂಡಳು. “ಸರ್, ನಿಮಗ ಒಂದು ಮಷಿನ್ ಸಪ್ಪಳ ಕೇಳಸ್ತದೋ, ಎರಡೋ? ಎರಡಿದ್ರ ನೀವು ಮುಂದ ಹೋಗೀರಿ. ಗಾಡಿ ಹೊಳ್ಳಸ್ರಿ. ಹಸರ ಬಾಗಲದ ಮಸೀದಿ ನಿಮ್ಮ ಬಲಕ್ಕ ಬರೋ ತನಕ ಎಲ್ಲೂ ತಿರಗಬ್ಯಾಡ್ರಿ.” ಹತ್ತು ನಿಮಿಷದಲ್ಲಿ ಜೀಪು ಗೇಟಿಗೆ ಬಂತು.

ಇಷ್ಟೆಲ್ಲ ನೋಡಿಯೂ ನಾನು ಒಲಿಯಲಿಲ್ಲ. ನಾನು ಕಲಬುರಗಿಯಲ್ಲಿ ಹುಟ್ಟಿ ಬೆಳೆದವಳು, ಮೊದಲ ನೌಕರಿ, ಗಣಿತದಲ್ಲಿ ಒಳ್ಳೆಯ ಅಂಕ ತೆಗೆದ ಗರ್ವ ಬೇರೆ. ಸರ್ ಎಲ್ಲ ವಿಷಯದ ಮಾಸ್ತರರಿಗೂ ಒಂದು ಬೇಡಿಕೆ ಇಟ್ಟಿದ್ದರು. ಪರೀಕ್ಷೆಯಲ್ಲಿ ಪ್ರತಿ ಉತ್ತರದ ಕೆಳಗೆ ಮಕ್ಕಳು ಒಂದು ವಾಕ್ಯ ಬರೆಯಬೇಕು, ಈ ಉತ್ತರ ಯಾಕೆ ಬರೆದೆ ಎಂದು. ವಿಜ್ಞಾನದವರು ಒಪ್ಪಿದರು, ಸಮಾಜದವರು ಗೊಣಗುತ್ತ ಒಪ್ಪಿದರು, ಡ್ರಿಲ್ ಮಾಸ್ತರು ಸಹ ಖೋ ಖೋದಲ್ಲಿ ಔಟಾದವರಿಂದ ಕಾರಣ ಬರೆಸತೊಡಗಿದರು. ನಾನು ಒಪ್ಪಲಿಲ್ಲ.

“ಸರ್, ಗಣಿತಕ್ಕ ಮಾತು ಬೇಕಾಗಂಗಿಲ್ಲ. ಅಂಕಿ ಸಾಕು. ಸರಿ ಇದ್ರ ಸರಿ, ತಪ್ಪಿದ್ರ ತಪ್ಪು.”

ಸರ್ ನಕ್ಕರು. ವಾದ ಮಾಡುವ ಸ್ವಭಾವ ಅವರದಲ್ಲ. “ನಿಮ್ಮ ಮನಿ, ನಿಮ್ಮ ಬಾಗಲ. ಕರದಾಗ ಬರ್ತೀನ್ರಿ” ಎಂದು ಬಸಿ ಎತ್ತಿದರು. ಆಮೇಲೆ ನನ್ನ ತರಗತಿಯ ಹಿಂದಿನ ಬೆಂಚಿಗೆ ಅವರು ಬರಲಿಲ್ಲ. ನನಗೆ ಅದು ಗೆಲುವು ಅನ್ನಿಸಿತು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಈಗ ಚಿತ್ತಾಪುರದ ನನ್ನ ಮಕ್ಕಳು ಪ್ರತಿ ಲೆಕ್ಕದ ಕೆಳಗೆ ಕಾರಣದ ಒಂದು ಸಾಲು ಬರೆಯುತ್ತಾರೆ. ಹೊಸದಾಗಿ ಬಂದ ಸಹೋದ್ಯೋಗಿಗಳು ಇದು ನಾನೇ ಕಂಡುಹಿಡಿದ ಪದ್ಧತಿ ಎಂದುಕೊಂಡು ಹೊಗಳುತ್ತಾರೆ. ನಾನು ಈ ಸಾಲನ್ನು ಹೇಗೆ ಕಲಿತೆ ಎಂದು ಇದುವರೆಗೆ ಯಾರಿಗೂ ಹೇಳಿಲ್ಲ. ಸರ್ ಕೂಡ ಯಾರಿಗೂ ಹೇಳಿದಂತಿಲ್ಲ.

ಪರ್ವೀನ್ ಒಂಬತ್ತಕ್ಕೆ ಬಂದಾಗ ನಡೆದದ್ದು ಇದು. ಕಿರುಪರೀಕ್ಷೆಗೆ ನಾನೇ ಒಂದು ಲೆಕ್ಕ ಹೆಣೆದೆ. ಪುಸ್ತಕದಲ್ಲಿ ಟೈಲ್ಸ್ ಎಂದಿತ್ತು, ಮಕ್ಕಳಿಗೆ ಹತ್ತಿರವಾಗಲಿ ಎಂದು ಶಹಾಬಾದಿನ ಫರಸಿ, ಎಂದರೆ ಹಾಸುಗಲ್ಲು, ಮಾಡಿದೆ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ಫರಸಿ. ಎಷ್ಟು ಫರಸಿ ಬೇಕು? ಉತ್ತರ ಅರವತ್ತು. ಇದಕ್ಕಿಂತ ಸುಲಭದ ಲೆಕ್ಕ ಇಲ್ಲ. “ಬರೀ ಉತ್ತರ ಬರೀರಿ, ಕಥಿ ಬ್ಯಾಡ” ಎಂದು ಎಚ್ಚರಿಕೆಯನ್ನೂ ಕೊಟ್ಟೆ.

ಪೇಪರು ತಿದ್ದುತ್ತ ಹೋದೆ. ಹನ್ನೊಂದು ಮಂದಿ ಅರವತ್ಮೂರು ಎಂದು ಬರೆದಿದ್ದರು. ಒಬ್ಬಿಬ್ಬರಲ್ಲ, ಹನ್ನೊಂದು ಮಂದಿ, ಅದೇ ತಪ್ಪು. ಸರಿಯುತ್ತರ ಎಲ್ಲರಿಗೂ ಒಂದೇ ಬರಬಹುದು, ತಪ್ಪು ಉತ್ತರ ಹನ್ನೊಂದು ಮಂದಿಗೆ ಒಂದೇ ಬಂದರೆ ಅದು ನಕಲು. ಯಾವ ಮಾಸ್ತರನನ್ನು ಕೇಳಿದರೂ ಹೀಗೇ ಹೇಳುತ್ತಾನೆ. ನಕಲಿನ ಮೂಲ ಯಾರು? ಎಲ್ಲರಿಗಿಂತ ಮೊದಲು ಪೇಪರು ಕೊಟ್ಟು ಹೋದವಳು, ನಡುವಿನ ಬೆಂಚಿನಲ್ಲಿ ಕೂತವಳು, ಗಣಿತದಲ್ಲಿ ಮುಂದಿದ್ದವಳು ಪರ್ವೀನ್.

ಹನ್ನೊಂದು ಮಂದಿಗೂ ಸೊನ್ನೆ ಹಾಕಿದೆ. ಪರ್ವೀನಳ ಗಣಿತದ ನೋಟ್ ಬುಕ್ಕಿನ ಕೊನೆಯ ಪುಟದಲ್ಲಿ ಕೆಂಪು ಪೆನ್ನಿನಿಂದ ಬರೆದೆ: ಈಕೆ ಪರೀಕ್ಷೆಯಲ್ಲಿ ಇತರರಿಗೆ ಉತ್ತರ ತೋರಿಸಿ ನಕಲು ಮಾಡಿಸಿದ್ದಾಳೆ, ಪಾಲಕರು ಸಹಿ ಮಾಡಬೇಕು. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು “ಕುಂದ್ರು” ಎಂದೆ.

ಮರುದಿನ ಪರ್ವೀನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಸರ್ ಸ್ಟಾಫ್ ರೂಮಿನಲ್ಲಿ ಆ ಹನ್ನೊಂದು ಪೇಪರು ತಿರುವಿ ನೋಡಿದರು. ಲೆಕ್ಕ ಅವರಿಗೆ ತಿಳಿಯುವಂಥದಲ್ಲ ಎಂದು ನಾನು ಸುಮ್ಮನಿದ್ದೆ.

“ಟೀಚರ್, ಈ ಮೂರು ಎಲ್ಲಿಂದ ಬಂತು ಅಂತ ಕೇಳೀರೇನ್ರಿ?”

“ನಕಲಿನ್ಯಾಗ ಏನು ಕೇಳೋದು ಸರ್?”

“ಹನ್ನೊಂದು ಮಂದಿಯೊಳಗ ಒಬ್ಬರಿಗೂ ಕೇಳಲಿಲ್ಲ?”

ನಾನು ಪೇಪರುಗಳನ್ನು ಇಸಿದುಕೊಂಡು ಕಟ್ಟಿಟ್ಟೆ. ಆ ಮಧ್ಯಾಹ್ನ ಊಟದ ಹೊತ್ತಿಗೆ ಬೇವಿನ ಗಿಡದ ಕೆಳಗೆ ಉಳಿದ ಹತ್ತು ಮಂದಿಯ ನಡುವೆ ತಟ್ಟೆ ಹಿಡಿದು ಅವರು ಕೂತಿದ್ದು ಕಂಡೆ. ನನ್ನ ಮೇಲೆ ಏನೋ ಕಟ್ಟುತ್ತಿದ್ದಾರೆ ಎಂದು ಉರಿಯಿತು. ಬಂದು ಏನಾದರೂ ಹೇಳುತ್ತಾರೆ ಎಂದು ಕಾದೆ. ಏನೂ ಹೇಳಲಿಲ್ಲ.

ಐದನೆಯ ದಿನ ಪರ್ವೀನಳ ತಂದೆ ಬಂದರು. ಹೆಡ್ ಮಾಸ್ತರರ ಕೋಣೆಗೆ ನನ್ನನ್ನು ಕರೆಸಿದರು, ಕರೆಸದೆ ಸರ್ ಕೂಡ ಬಂದು ಕಿಟಕಿಯ ಹತ್ತಿರ ನಿಂತರು. ತಂದೆಯ ಕೈಯಲ್ಲಿ ಒಂದು ಕಾಗದ, ಇನ್ನೊಂದು ಕೈಯಲ್ಲಿ ಮಗಳ ನೋಟ್ ಬುಕ್ಕು. ಕುಂದ್ರಿ ಎಂದರೆ, “ಇರ್ಲಿ ಬಿಡ್ರಿ, ಬಟ್ಟಿ ಧೂಳಾಗ್ಯಾವ” ಎಂದು ನಿಂತೇ ಇದ್ದರು.

“ಮಗಳದು ಟಿ.ಸಿ. ಕೊಡ್ರಿ ಸಾಹೇಬ್ರೆ.”

“ಯಾವ ಸಾಲಿಗಿ ಹಾಕ್ತೀರಿ?” ಎಂದು ಹೆಡ್ ಮಾಸ್ತರು ಕೇಳಿದರು.

“ಯಾವ ಸಾಲಿಗೂ ಇಲ್ರಿ. ವಾಡ್ಯಾಗ ನಮ್ಮ ಅಕ್ಕನ ಮನಿ ಅದ. ಅಲ್ಲಿ ಹೊಲಿಗಿ ಕಲೀತಾಳ. ನನಗ ಕನ್ನಡ ಓದಾಕ ಬರಂಗಿಲ್ಲ. ಸಹಿ ಮಾಡ್ಬೇಕಂತ ಅಂದ್ಲು, ಏನ್ ಬರದದ ಓದು ಅಂದೆ, ಓದವಲ್ಲಳು, ಅಳಾಕತ್ತಳು. ಬಾಜೂ ಮನಿಯವರ ಕಡಿಂದ ಓದಿಸಿದೆ. ಅವರು ಕಟ್ಟಿ ಮ್ಯಾಲ ನಿಂತು ಜೋರಾಗಿ ಓದಿದ್ರು. ಗಲ್ಲಿ ಮಂದಿ ಎಲ್ಲಾ ಕೇಳಿದ್ರು. ಈಗ ಆಕಿ ಮನಿ ಬಿಟ್ಟು ಹೊರಗ ಬರವಲ್ಲಳು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಇವತ್ತು ಒತ್ತಾಯ ಮಾಡಿ ಕರೆತಂದಿದ್ದೇನೆ, ಮಗಳು ಗೇಟಿನ ಹೊರಗೆ ಗಾಡಿಯ ಹತ್ತಿರ ನಿಂತಿದ್ದಾಳೆ ಎಂದರು. ಟಿ.ಸಿ. ಕೈಗೆ ಹೋದರೆ ಅವಳ ಓದು ಅಲ್ಲಿಗೆ ಮುಗಿಯಿತು, ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಗ ಸರ್ ಕಿಟಕಿಯಿಂದ ಈಚೆ ಬಂದರು. ಜೇಬಿನಿಂದ ನನ್ನ ಪ್ರಶ್ನೆಪತ್ರಿಕೆ ತೆಗೆದರು. “ಭಾಯಿ, ಟಿ.ಸಿ. ಬರೀತಾರ, ಇರ್ರಿ. ಅಷ್ಟರಾಗ ನನಗೊಂದು ಹೇಳ್ರಿ. ಹನ್ನೆರಡು ಫೂಟ್ ಉದ್ದ, ಹತ್ತು ಫೂಟ್ ಅಗಲ ಖೋಲಿ ಅದ. ಎರಡು ಬೈ ಒಂದರ ಫರಸಿ ಹಾಸಬೇಕು. ಎಷ್ಟು ತರಸ್ಲಿ?”

“ಅರವತ್ಮೂರು ತರಸ್ರಿ” ಎಂದರು ಅವರು, ತಲೆ ಎತ್ತದೆ.



“ಅರವತ್ತು ಸಾಕಾಗಂಗಿಲ್ಲೇನ್ರಿ?”

“ಅರವತ್ತೇ ತಂದ್ರ ಕೆಲಸ ನಡುವೇ ನಿಂದರ್ತದ. ಗಾಡ್ಯಾಗ ಒಂದು ಒಡೀತದ, ಬಾಗಲ ಕಡಿ ಕಟ್ ಮಾಡೂಮುಂದ ಒಂದು ಹೋಗ್ತದ. ಇಪ್ಪತ್ತಕ್ಕ ಒಂದು ಜಾಸ್ತಿ ಹಿಡೀಬೇಕ್ರಿ. ನಮ್ಮಪ್ಪನೂ ಹಂಗೇ ಹಿಡೀತಿದ್ದ. ಇಲ್ಲಿ ಕಲ್ಲಿನ ಕೆಲಸ ಮಾಡೋರೆಲ್ಲಾ ಹಂಗೇ ಹಿಡೀತಾರ.”

ಹನ್ನೊಂದು ಮಂದಿಯೂ ಕಲ್ಲಿನ ಕೆಲಸದವರ ಮಕ್ಕಳು. ಯಾರೂ ಯಾರದನ್ನೂ ನೋಡಿರಲಿಲ್ಲ. ಮಕ್ಕಳಿಗೆ ಹತ್ತಿರವಾಗಲಿ ಎಂದು ನಾನು ಫರಸಿ ಎಂದೆ, ಅವರು ನಿಜವಾಗಿಯೂ ಹತ್ತಿರ ಬಂದು ಉತ್ತರ ಕೊಟ್ಟರು, ನಾನು ಕಳ್ಳರು ಎಂದೆ. ಹುಟ್ಟಿದಾಗಿನಿಂದ ಶಹಾಬಾದಿನ ಕಲ್ಲಿನ ಮೇಲೆ ನಡೆದ ನನಗೆ ಅದನ್ನು ಹೇಗೆ ಎಣಿಸುತ್ತಾರೆ ಎಂದು ಗೊತ್ತಿರಲಿಲ್ಲ. ಸರ್ ಮುಖ ನೋಡಿದೆ. ಅವರಿಗೆ ಬೇವಿನ ಗಿಡದ ಕೆಳಗೇ ಇದು ಗೊತ್ತಾಗಿತ್ತು. ನನಗೆ ಅವರು ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ, ಅದೂ ಅವರಿಗೆ ಗೊತ್ತಿತ್ತು.

“ಭಾಯಿ, ನನ್ನ ತಪ್ಪಾತು. ಪರ್ವೀನ್ ನಕಲು ಮಾಡ್ಸಿಲ್ಲ. ಅಂಕ ಹಾಕ್ತೀನಿ” ಎಂದೆ.

ಅವರು ನನ್ನತ್ತ ಮೊದಲ ಸಲ ನೋಡಿದರು. “ಅಂಕದ್ದು ಏನಿಲ್ರಿ ಮೇಡಂ. ನಿಮಗೀಗ ತಿಳೀತು, ಛಲೋ ಆತು. ಗಲ್ಲಿ ಮಂದಿಗಿ ಯಾರು ಹೇಳ್ತಾರ? ನೀವು ಬರದದ್ದು ಇದರಾಗ ಹಂಗೇ ಅದಲ್ಲ.”

ನೋಟ್ ಬುಕ್ಕನ್ನು ಮೇಜಿನ ಮೇಲಿಟ್ಟರು. ನಾನು ಕೂತು, ಕೆಂಪು ಸಾಲುಗಳ ಕೆಳಗೆ ಬರೆಯಬೇಕಾದ್ದನ್ನು ಮೊದಲು ಬೇರೊಂದು ಹಾಳೆಯಲ್ಲಿ ಬರೆದೆ. ತಪ್ಪು ಗ್ರಹಿಕೆಯಿಂದ ಮೇಲ್ಕಂಡ ಷರಾ ನಮೂದಾಗಿದ್ದು, ಸದರಿ ಷರಾವನ್ನು ಹಿಂಪಡೆಯಲಾಗಿದೆ. ಸರ್ ಬಗ್ಗಿ ಓದಿದರು.

“ಇದು ಯಾರ ಕಾಗದ್ರಿ? ನಿಮ್ದೋ, ಆಫೀಸಿಂದೋ?”

ಇನ್ನೊಂದು ಬರೆದೆ. ಅದರಲ್ಲಿ ಪರಿಸ್ಥಿತಿ, ಸ್ಥಳೀಯ ಪದ್ಧತಿ, ಗೊಂದಲ ಎಲ್ಲ ಇದ್ದವು. “ಭಾಳ ಉದ್ದ ಆತು. ಹುಡುಗಿ ಎಲ್ಲಿ ಅದಾಳ ಇದರಾಗ?” ಎಂದರು. ಮೂರನೆಯದರಲ್ಲಿ ಹುಡುಗಿ ಇದ್ದಳು, ನಾನಿರಲಿಲ್ಲ. ಅವರು ಹಾಳೆಯನ್ನು ನನ್ನ ಕಡೆಗೆ ಮೆಲ್ಲಗೆ ಸರಿಸಿದರು. ಗಣಿತಕ್ಕೆ ಮಾತು ಬೇಡ ಎಂದವಳು ನಾಲ್ಕು ಸಾಲಿಗೆ ಬೆವರುತ್ತ ಕೂತಿದ್ದೆ. ಸಹಾಯ ಮಾಡಿ ಎಂದು ಅವರ ಮುಖ ನೋಡಿದೆ. “ನಾ ಹೇಳಿ ಬರಸಿದ್ರ ಅದು ನನ್ನ ಮಾತು ಆಗ್ತದ್ರಿ ಟೀಚರ್” ಎಂದರು, ಎಷ್ಟು ಮೆತ್ತಗೆ ಎಂದರೆ ನನಗೆ ಅಳು ಬರುವಂತಾಯಿತು.

ಕೊನೆಗೆ ನೋಟ್ ಬುಕ್ಕಿನಲ್ಲೇ ನೇರ ಬರೆದೆ. ಪರ್ವೀನ್ ಕದ್ದಿಲ್ಲ, ಕದಿಸಿಲ್ಲ. ಅವಳ ಉತ್ತರಕ್ಕೆ ಕಾರಣ ಇತ್ತು. ನಾನು ಕೇಳಲಿಲ್ಲ, ಹೇಳಲು ಬಂದಾಗ ಬಿಡಲಿಲ್ಲ. ತಪ್ಪು ನನ್ನದು. ಕೆಳಗೆ ಸಹಿ ಮಾಡಿದೆ. ಸರ್ ಓದಿ ತಲೆಯಾಡಿಸಿದರು, ಒಂದಕ್ಷರವನ್ನೂ ತಿದ್ದಲಿಲ್ಲ.

“ಈಗ ಆಕೀನೇ ಓದ್ಲಿ” ಎಂದು ತಂದೆ ಹೊರಗೆ ಹೋಗಿ ಮಗಳನ್ನು ಕರೆತಂದರು. ಐದು ದಿನದಲ್ಲಿ ಹುಡುಗಿ ಸೊರಗಿದ್ದಳು. ನೋಟ್ ಬುಕ್ಕು ತೆಗೆದುಕೊಂಡು ಮೊದಲು ಮನಸ್ಸಿನಲ್ಲೇ ಓದಿದಳು, ಆಮೇಲೆ ಕನ್ನಡದಲ್ಲಿ ಗಟ್ಟಿಯಾಗಿ, ಆಮೇಲೆ ತಂದೆಯ ಕಡೆ ತಿರುಗಿ ಅವರ ಮಾತಿನಲ್ಲಿ. “ಟೀಚರ್ ಲಿಕ್ಕೈಂ ಅಬ್ಬಾ, ಮೈ ಚೋರಿ ನೈ ಕರಿ. ಗಲ್ತಿ ಉನೋಕೀಚ್ ಹೈ ಕತೆ.” ಟೀಚರ್ ಬರೆದಿದ್ದಾರೆ ಅಪ್ಪಾ, ನಾನು ಕದ್ದಿಲ್ಲ, ತಪ್ಪು ಅವರದೇ ಅಂತೆ, ಎಂದಳು. ನನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ, ಇನ್ನೊಂದು ಭಾಷೆಯಲ್ಲಿ ಕೇಳಿದಾಗ ಅದು ಎಷ್ಟು ನಿಜ ಎಂದು ನನಗೆ ಗೊತ್ತಾಯಿತು.

“ಇನ್ನೊಮ್ಮೆ ಓದು ಬೇಟಾ, ಜರಾ ಜೋರಾಗಿ” ಎಂದರು ತಂದೆ.

ಅವಳು ಮತ್ತೆ ಓದಿದಳು. ವರಾಂಡದಲ್ಲಿ ಹೋಗುತ್ತಿದ್ದ ಮಕ್ಕಳು ನಿಂತು ಕೇಳಿದರು. ತಂದೆ ಕೈಯಲ್ಲಿದ್ದ ಟಿ.ಸಿ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. “ಸಂಜಿಗಿ ಬುಕ್ ಮನಿಗಿ ತೊಗೊಂಡು ಬಾ. ಬಾಜೂ ಮನಿಯವರ ಕಡಿಂದ ಓದಸ್ತೀನಿ. ಕಟ್ಟಿ ಮ್ಯಾಲೇ ನಿಂತು ಓದ್ಲಿ” ಎಂದರು. ಹೆಡ್ ಮಾಸ್ತರು ನಕ್ಕುಬಿಟ್ಟರು. ಅವರೂ ಸ್ವಲ್ಪ ನಕ್ಕರು. ಮಾಲು ಇಳಿಸುವುದಿದೆ ಎಂದು ಹೇಳಿ ಹೊರಟರು.

ಪರ್ವೀನ್ ಹೋಗಲಿಲ್ಲ. ನೋಟ್ ಬುಕ್ಕು ಎದೆಗೊತ್ತಿಕೊಂಡು ನಿಂತಿದ್ದಳು. “ಟೀಚರ್, ನನ್ನ ಉತ್ತರ ಸರಿ ಅದನೋ, ತಪ್ಪದನೋ?”

“ಸರಿ ಅದ. ಮೂರು ಯಾಕ ಅಂತ ಕೆಳಗ ಒಂದು ಸಾಲು ಬರದಿದ್ರ ನನಗ ತಿಳೀತಿತ್ತವಾ.”

“ನೀವು ಬರೀ ಉತ್ತರ ಬರೀರಿ ಅಂದಿದ್ರಿ, ಟೀಚರ್.”

ಅದರಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಅಷ್ಟೆ. ಸರ್ ಕಿಟಕಿಯ ಆಚೆ ಏನೋ ಬಹಳ ಮುಖ್ಯವಾದದ್ದು ಕಂಡವರಂತೆ ಹೊರಗೆ ನೋಡುತ್ತಿದ್ದರು.

ಗಂಟೆ ಹೊಡೆಯಿತು. ಮೂರನೇ ಪೀರಿಯಡ್, ಒಂಬತ್ತನೇ ತರಗತಿ, ಗಣಿತ. ಪರ್ವೀನ್ ಬಾಗಿಲ ತನಕ ಹೋಗಿ ತಿರುಗಿ ನೋಡಿದಳು. ನಾನು ಇನ್ನೂ ಕೂತಲ್ಲೇ ಕೂತಿದ್ದೆ.

“ನಮ್ಮ ಪೀರಿಯಡ್ ಅದ ಟೀಚರ್. ಬರ್ರಿ.”

“ಏಳ್ರಿ ಟೀಚರ್, ಕರೀಲಿಕತ್ತಾಳ” ಎಂದರು ಸರ್.

ನಾನು ಚಾಕ್ ಪೀಸು ತೆಗೆದುಕೊಂಡು ಅವಳ ಹಿಂದೆ ನಡೆದೆ.